ಆಷಾಢದಲ್ಲೂ ಬರುತ್ತಿದ್ದ ಭಾವ

ಯಾರ ಭಾವ ಎಂದು ಕೇಳಬೇಡಿ. ಚಿಕ್ಕಪೇಟೆಯ ನಮ್ಮ ರೇಷ್ಮೆ ಸೀರೆ ಅಂಗಡಿಯಲ್ಲಿ ಅವರು ಎಲ್ಲರಿಗೂ ಭಾವ. ಹೆಂಡತಿಯ ತಮ್ಮನ ಜೊತೆ ಅವರು ಕೆಲಸಕ್ಕೆ ಸೇರಿದ್ದರಂತೆ. ಆತ ದಿನವಿಡೀ "ಭಾವ, ಆ ಗಂಟು ಇಳ್ಸಿ, ಭಾವ, ಈ ತುದಿ ಹಿಡ್ಕೊಳ್ಳಿ" ಎನ್ನುತ್ತಿದ್ದುದನ್ನು ಕೇಳಿ ಕೇಳಿ ಉಳಿದವರ ಬಾಯಿಗೂ ಅದೇ ಬಂತು. ಭಾಮೈದ ವರ್ಷ ತುಂಬುವ ಮೊದಲೇ ಆಟೋ ಓಡಿಸಲು ಹೋದ, ಭಾವ ಉಳಿದರು. ನಾನು ಸೇರುವ ಹೊತ್ತಿಗೆ ಯಜಮಾನರೂ ಭಾವ ಎನ್ನುತ್ತಿದ್ದರು, ಕೆಳಗಿನ ಟೀ ಅಂಗಡಿಯವನೂ ಭಾವ ಎನ್ನುತ್ತಿದ್ದ, ಯಜಮಾನರ ಮುದಿ ತಾಯಿಯೂ ಹಾಗೇ ಕೂಗುತ್ತಿದ್ದರು. ಅವರ ನಿಜವಾದ ಹೆಸರು ನನಗೆ ಗೊತ್ತಾದದ್ದು ಅವರ ಕೈ ಮುರಿದ ಮೇಲೆ, ಆಸ್ಪತ್ರೆಯಲ್ಲಿ. ಆ ಹೆಸರು ಅವರಿಗೆ ಒಪ್ಪುತ್ತಲೂ ಇರಲಿಲ್ಲ.

ಕಳೆದ ಕಾರ್ತಿಕದಲ್ಲಿ ಭಾವ ತೀರಿಕೊಂಡರು. ಚಾಮರಾಜಪೇಟೆಯ ಮನೆಯಿಂದ ಅವರ ಹೆಂಡತಿ ಫೋನ್ ಮಾಡಿದ್ದರು. ಅವರನ್ನು ನಾನು ಅಕ್ಕ ಎನ್ನುತ್ತೇನೆ. "ಬೆಳಿಗ್ಗೆ ಎದ್ದು ಹಾಲು ಬಂತಾ ಅಂತ ಎರಡು ಸಲ ಕೇಳಿದ್ರು ಕಣಮ್ಮ. ಮೂರನೇ ಸಲ ಕೇಳ್ಲಿಲ್ಲ. ಅದಕ್ಕೇ ನನಗೆ ಗಾಬರಿ ಆಗಿ ಹೋಗಿ ನೋಡ್ದೆ" ಎಂದರು. ನನಗೆ ಅಳು ಬಂತು, ಅದರ ಜೊತೆಗೇ ನಗುವೂ ಬಂತು. ಭಾವ ಒಂದು ವಿಷಯವನ್ನು ಎರಡೇ ಸಲ ಕೇಳಿ ಸುಮ್ಮನಾದರು ಎಂದರೆ ಅವರನ್ನು ಬಲ್ಲವರಿಗೆ ಗಾಬರಿಯಾಗಲೇಬೇಕು.

ಅವರಷ್ಟು ಚಿಂತೆ ಮಾಡುವವರನ್ನು ನಾನು ಕಂಡಿಲ್ಲ. ಸಂಜೆ ಅಂಗಡಿಗೆ ಬೀಗ ಹಾಕಿ ಅವೆನ್ಯೂ ರಸ್ತೆಯವರೆಗೂ ಹೋದವರು ವಾಪಸ್ ಬಂದು ಬೀಗ ಎಳೆದು ನೋಡುತ್ತಿದ್ದರು. ನಾನು ತ್ಯಾಗರಾಜನಗರದಿಂದ ಬರುವವಳು. ಹತ್ತು ನಿಮಿಷ ತಡವಾದರೆ ನನಗೆ ಅಪಘಾತವಾಗಿದೆ ಎಂದೇ ಅವರ ತೀರ್ಮಾನ. ಮದುವೆ ಸೀರೆ ತೆಗೆದುಕೊಂಡು ಹೋದ ಗಿರಾಕಿಗಳ ಮದುವೆಯ ಚಿಂತೆಯನ್ನೂ ಇವರೇ ಮಾಡುತ್ತಿದ್ದರು. "ಛತ್ರ ಊರಾಚೆ ಅಂದ್ರಲ್ಲ, ಅಡುಗೆಯವರು ಹೊತ್ತಿಗೆ ಸರಿಯಾಗಿ ತಲುಪ್ತಾರೇನೋ" ಎಂದು ಮಧ್ಯಾಹ್ನದ ಊಟದ ಡಬ್ಬಿ ಮುಂದಿಟ್ಟುಕೊಂಡು ಯೋಚಿಸುವರು. "ಭಾವ, ನಿಮ್ಮನ್ನೇನು ಮದುವೆಗೆ ಕರೆದಿದ್ದಾರಾ? ಮೊದ್ಲು ಅನ್ನ ತಿನ್ನಿ" ಎಂದು ನಾನು ರೇಗುತ್ತಿದ್ದೆ.

ಆದರೆ ಹೊಸ್ತಿಲು ದಾಟಿ ಯಾರಾದರೂ ಒಳಗೆ ಬಂದರೋ, ಮನುಷ್ಯ ಬೇರೆಯೇ. ಎದೆ ಮುಂದಕ್ಕೆ ಬರುತ್ತಿತ್ತು, ದನಿ ಮೇಲೇಳುತ್ತಿತ್ತು, ಬಿಳಿ ಹಾಸಿನ ಮೇಲೆ ಸೀರೆಯನ್ನು ಒಂದೇ ಎಸೆತಕ್ಕೆ ಬಿಚ್ಚಿ ಸೆರಗನ್ನು ತಮ್ಮದೇ ಬಲಗೈ ಮೇಲೆ ಇಳಿಬಿಟ್ಟು ತೋರಿಸುತ್ತಿದ್ದರು. ಬಂದವರ ಎದುರು ಅಂಗಡಿಯ ಬಗ್ಗೆ ಒಂದು ಕೊರತೆಯ ಮಾತು ಅವರ ಬಾಯಿಂದ ಬರುತ್ತಿರಲಿಲ್ಲ. ನಮ್ಮ ಅಂಗಡಿಯ ಮೆಟ್ಟಿಲು ಕಡಿದು, ಕತ್ತಲೆ ಬೇರೆ. ಒಬ್ಬ ಹೆಂಗಸು ಏದುಸಿರು ಬಿಡುತ್ತಾ "ಏನ್ರೀ ಇದು ಮೆಟ್ಲು!" ಎಂದರೆ ಭಾವ ನಕ್ಕು, "ಮೆಟ್ಲು ಹತ್ತಿ ತಗೊಂಡ ಸೀರೆ ಜಾಸ್ತಿ ವರ್ಷ ಬಾಳುತ್ತೆ ಅಮ್ಮಾವ್ರೇ" ಎಂದುಬಿಟ್ಟರು. ಕರೆಂಟು ಹೋಗಿ ಫ್ಯಾನ್ ನಿಂತರೆ, ರೇಷ್ಮೆಯ ನಿಜವಾದ ಇಳಿತ ಗಾಳಿ ಇಲ್ಲದಾಗಲೇ ಕಾಣುವುದು ಎನ್ನುತ್ತಿದ್ದರು. ಆ ಹೆಂಗಸು ಎರಡು ಸೀರೆ ಕೊಂಡು ಅದೇ ಮೆಟ್ಟಿಲು ಇಳಿದು ಹೋದರು. ಅವರು ಹೋದ ಮೇಲೆ ಭಾವ ನನ್ನ ಕಡೆ ತಿರುಗಿ, "ಪಾಪ, ಇಳಿಯೋವಾಗ ಜಾರಿಬಿಟ್ರೆ?" ಎಂದು ಕಿಟಕಿಗೆ ಓಡಿದರು.

ಈಗ ನಮ್ಮ ಅಂಗಡಿಯ ಆಷಾಢದ ವಿಷಯ ಹೇಳಬೇಕು. ದೊಡ್ಡ ಅಂಗಡಿಗಳಲ್ಲಿ ಆಷಾಢವೆಂದರೆ ಈಗ ಸೇಲ್, ನೂಕುನುಗ್ಗಲು. ನಮ್ಮದು ಹಳೇ ಕಾಲದ ಮದುವೆ ಸೀರೆ ಅಂಗಡಿ. ಆಷಾಢದಲ್ಲಿ ಮದುವೆ ಇಲ್ಲ, ಹಾಗಾಗಿ ವ್ಯಾಪಾರವೂ ಇಲ್ಲ. ಜ್ಯೇಷ್ಠದ ಕೊನೆಯ ದಿನ ಯಜಮಾನರು ಎಲ್ಲರಿಗೂ ಸ್ವೀಟ್ ಬಾಕ್ಸ್ ಕೊಟ್ಟು "ರಜ ಮಾಡಿ, ಶ್ರಾವಣಕ್ಕೆ ಬನ್ನಿ" ಎನ್ನುತ್ತಿದ್ದರು. ಆ ತಿಂಗಳು ಸಂಬಳವಿಲ್ಲ, ಸರ್ಕಾರಿ ಕಾರ್ಮಿಕ ವಿಮೆಯ ಕಂತೂ ಇಲ್ಲ. ಲೆಕ್ಕದಲ್ಲಿ ನಾವೆಲ್ಲ ಕೆಲಸ ಬಿಟ್ಟು ಹೋದವರು, ಶ್ರಾವಣದಲ್ಲಿ ಹೊಸದಾಗಿ ಸೇರಿದವರು. ಭಾವ ಅಂಗಡಿಯಲ್ಲಿ ಎಲ್ಲರಿಗಿಂತ ಹಳಬರು, ಆದರೆ ಸರ್ಕಾರದ ಕಣ್ಣಿಗೆ ಪ್ರತಿ ಶ್ರಾವಣಕ್ಕೂ ಹೊಸಬರು.

ರಜ ಎಂದು ಯಾರೂ ಮನೆಯಲ್ಲಿ ಕೂರುತ್ತಿರಲಿಲ್ಲ. ರೇಷ್ಮೆ ಸೀರೆಯನ್ನು ಒಂದೇ ಮಡಿಕೆಯಲ್ಲಿ ತಿಂಗಳುಗಟ್ಟಲೆ ಬಿಟ್ಟರೆ ಜರಿ ಆ ಗೆರೆಯಲ್ಲೇ ಮುರಿಯುತ್ತದೆ. ಮಾರದೆ ಉಳಿದ ಅಷ್ಟೂ ಸೀರೆಯನ್ನು ಅಟ್ಟದಿಂದ ಇಳಿಸಿ, ಬಿಚ್ಚಿ, ಗಾಳಿಯಾಡಿಸಿ, ಬೇರೆ ಮಡಿಕೆ ಹಾಕಿ ಮತ್ತೆ ಮೇಲಿಡಬೇಕು. ಅದಕ್ಕೆ ಬಿಡುವಿರುವುದು ಆಷಾಢದಲ್ಲೇ. ಷಟರ್ ಅರ್ಧ ಇಳಿಸಿ ಒಳಗೆ ಕೂತು ಆ ಕೆಲಸ ಮಾಡುತ್ತಿದ್ದೆವು. ಬನ್ನಿ ಎಂದು ಯಜಮಾನರು ಯಾರಿಗೂ ಹೇಳುತ್ತಿರಲಿಲ್ಲ. ಮಧ್ಯಾಹ್ನಕ್ಕೆ ತಿಂಡಿ, ಎರಡು ಹೊತ್ತು ಕಾಫಿ ತರಿಸಿ, "ನೀವೆಲ್ಲ ಮನೆಯವರು" ಎನ್ನುತ್ತಿದ್ದರು. ಒಂದು ವರ್ಷ ನಮ್ಮ ಜೊತೆಗಿದ್ದವಳೊಬ್ಬಳು ರಜವನ್ನು ನಿಜವೆಂದೇ ನಂಬಿ ತವರಿಗೆ ಹೋದಳು. ಶ್ರಾವಣದ ಮೊದಲ ದಿನ ಬಂದರೆ ಅವಳ ಜಾಗದಲ್ಲಿ ಬೇರೊಬ್ಬಳು ಕೂತಿದ್ದಳು. ಯಾರೂ ಅವಳನ್ನು ಬೈಯಲಿಲ್ಲ. ಅವಳು ಸ್ವಲ್ಪ ಹೊತ್ತು ನಿಂತಿದ್ದು ಚಪ್ಪಲಿ ಮೆಟ್ಟಿಕೊಂಡು ಹೋದಳು.

ಭಾವ ಬಿದ್ದಿದ್ದು ಅಂಥದೊಂದು ಆಷಾಢದ ಮಧ್ಯಾಹ್ನ. ಹೊರಗೆ ಜಡಿ ಮಳೆ. ಮಡಿಕೆ ಬದಲಿಸಿದ ಸೀರೆಗಳ ಗಂಟನ್ನು ಹೆಗಲ ಮೇಲಿಟ್ಟುಕೊಂಡು ಅಟ್ಟಕ್ಕೆ ಹತ್ತುತ್ತಿದ್ದರು. ನಾನು ಏಣಿ ಹಿಡಿಯಲು ಎದ್ದೆ, ಅಷ್ಟರಲ್ಲಿ ಏಣಿಯ ಕಾಲು ಬಿಳಿ ಹಾಸಿನ ಮೇಲೆ ಜಾರಿಬಿಟ್ಟಿತು. ಬಲಗೈ ಕೆಳಗೆ ಸಿಕ್ಕಿತು. ಭಾವ ನೋವಿಗೆ ಹಲ್ಲು ಕಚ್ಚಿ ಮೊದಲು ಹೇಳಿದ್ದು, "ಷಟರ್ ಪೂರ್ತಿ ಎಳೀರಿ, ಯಾರಾದ್ರೂ ನೋಡ್ತಾರೆ."

ಯಜಮಾನರು ಕೆಟ್ಟವರಲ್ಲ. ತಾವೇ ಕಾರಿನಲ್ಲಿ ಕರೆದುಕೊಂಡು ಹೋದರು, ಮೂಳೆ ಆಸ್ಪತ್ರೆಯ ಖರ್ಚೆಲ್ಲ ಕೊಟ್ಟರು, ದೀಪಾವಳಿಗೆ ಮನೆಗೆ ಹೋಗಿ ಬಟ್ಟೆ ಕೊಟ್ಟು ಬಂದರು. ಕೈ ಮಾತ್ರ ಸರಿಹೋಗಲಿಲ್ಲ. ಬೆರಳು ಮಡಚಲು ಬರುತ್ತಿರಲಿಲ್ಲ, ತೋಳು ಭುಜದ ಮಟ್ಟಕ್ಕೆ ಏಳುತ್ತಿರಲಿಲ್ಲ. ಇದು ಇಷ್ಟೇ, ಇನ್ನು ಸುಧಾರಿಸುವುದಿಲ್ಲ ಎಂದು ಡಾಕ್ಟರು ಹೇಳಿ, ವಿಮೆ ಇದ್ದರೆ ಅಂಗವಿಕಲ ಭತ್ಯೆಗೆ ಅರ್ಜಿ ಹಾಕಿ ಎಂದರು. ಸೀರೆ ಬಿಚ್ಚಿ ತೋರಿಸಲಾಗದ ಭಾವನಿಗೆ ಚಿಕ್ಕಪೇಟೆಯಲ್ಲಿ ಬೇರೆ ಕೆಲಸವಿರಲಿಲ್ಲ. ಆ ಭತ್ಯೆ ಸಿಕ್ಕರೆ ಬದುಕಿರುವವರೆಗೆ ತಿಂಗಳು ತಿಂಗಳು ಬರುತ್ತದೆ. ಸಿಗದಿದ್ದರೆ ಗಂಡ ಹೆಂಡತಿ ಇಬ್ಬರೂ ಯಾರ ಮುಂದಾದರೂ ಕೈಯೊಡ್ಡಬೇಕು.

ಅಕ್ಕನಿಗೆ ಮಂಡಿ ನೋವು. ವಿಮಾ ಕಚೇರಿಗೆ ಭಾವನ ಜೊತೆ ನಾನೇ ಹೋದೆ. ಗುಮಾಸ್ತ ಕಂಪ್ಯೂಟರ್ ನೋಡಿ ತಲೆ ಕೆರೆದುಕೊಂಡ.

"ಬಿದ್ದಿದ್ದು ಜುಲೈನಲ್ಲಿ ಅಂತೀರ. ಜೂನ್ ಕೊನೆಗೇ ನೀವು ಕೆಲಸ ಬಿಟ್ಟಿದ್ದೀರಲ್ರೀ?"

"ಬಿಟ್ಟಿಲ್ಲ ಸರ್, ರಜ."

"ಇಲ್ಲಿ ಬಿಟ್ಟಿದ್ದಾರೆ ಅಂತಿದೆ. ಪ್ರತಿ ವರ್ಷ ಬಿಡ್ತೀರ, ಪ್ರತಿ ವರ್ಷ ಸೇರ್ತೀರ. ಈ ಸಲ ಸೇರೇ ಇಲ್ಲ."

"ಅಷ್ಟು ವರ್ಷದಿಂದ ಅಲ್ಲೇ ಇದೀನಿ ಸರ್."

"ಎಷ್ಟು ವರ್ಷ ಅನ್ನೋದು ಮುಖ್ಯ ಅಲ್ಲ ಇವರೇ. ಬಿದ್ದ ದಿನ ಕೆಲಸದ ಮೇಲಿದ್ರಾ ಇಲ್ವಾ, ಅದು ಮುಖ್ಯ. ವಿಚಾರಣೆಗೆ ಬರೀತೀನಿ, ನಮ್ಮ ಅಧಿಕಾರಿ ಅಂಗಡಿಗೇ ಬಂದು ಕೇಳ್ತಾರೆ."

ಅಲ್ಲಿಂದ ಶುರುವಾಯಿತು ನಮ್ಮೆಲ್ಲರ ಸಂಕಟ. ಆ ಒಂದು ಮಧ್ಯಾಹ್ನ ಕೆಲಸವೆಂದಾದರೆ, ಅಷ್ಟು ವರ್ಷದ ಆಷಾಢವೆಲ್ಲ ಕೆಲಸವೆಂದಾಗುತ್ತದೆ, ನಮ್ಮೆಲ್ಲರದೂ. ಅದರ ಕಂತು, ದಂಡ ಎಲ್ಲ ಯಜಮಾನರ ತಲೆಯ ಮೇಲೆ. ಅವರು ನಮ್ಮನ್ನು ಕೂರಿಸಿಕೊಂಡು ಮೆಲ್ಲಗೆ ಹೇಳಿದರು: "ಯಾರೂ ಸುಳ್ಳು ಹೇಳೋದು ಬೇಡ. ಕೇಳಿದ್ದಕ್ಕಷ್ಟೇ ಉತ್ತರ ಕೊಡಿ. ನಾನು ಯಾರನ್ನೂ ಕರೆದಿರ್ಲಿಲ್ಲ, ಅದು ನಿಜ ತಾನೇ? ಭಾವನನ್ನ ನಾನು ಬಿಡಲ್ಲ, ನೋಡ್ಕೋತೀನಿ." ನಿಜವೇ, ಕರೆದಿರಲಿಲ್ಲ. ನಾವೆಲ್ಲ ತಲೆಯಾಡಿಸಿದೆವು. ನನ್ನ ಗಂಡನಿಗೆ ಆಗ ಕೆಲಸವಿರಲಿಲ್ಲ, ಮನೆ ನಿಂತಿದ್ದು ನನ್ನ ಸಂಬಳದ ಮೇಲೆ. ತಲೆಯಾಡಿಸುವಾಗ ನನಗೆ ಹೆದರಿಕೆಯೂ ಆಯಿತು, ಹೇಸಿಗೆಯೂ ಆಯಿತು.

ಅಧಿಕಾರಿ ಬರುವ ದಿನ ಹತ್ತಿರವಾದಂತೆ ಭಾವನ ಫೋನು ಹೆಚ್ಚಾಯಿತು. ಒಂದು ಸಲ ಬೆಳಿಗ್ಗೆ ನಾನು ಒಗ್ಗರಣೆಗೆ ಎಣ್ಣೆ ಇಟ್ಟಾಗ ಬಂತು. "ಅವತ್ತು ಯಾವ ಷರ್ಟ್ ಹಾಕ್ಕೊಳ್ಲಿ ಹೇಳು. ಹೊಸದು ಹಾಕಿದ್ರೆ ಇವನಿಗೇನು ಕಷ್ಟ ಅನ್ಕೋತಾರೆ. ಹಳೇದು ಹಾಕಿದ್ರೆ ಅಂಗಡಿ ಮರ್ಯಾದೆ ಹೋಗುತ್ತೆ." ನಾನು ಎಣ್ಣೆ ಕಾದು ಹೊಗೆಯಾಡುವುದನ್ನು ನೋಡುತ್ತಾ, "ಇಸ್ತ್ರಿ ಮಾಡಿದ ಹಳೇದು ಹಾಕ್ಕೊಳ್ಳಿ ಭಾವ" ಎಂದೆ. ಅದೇ ಸರಿ ಎಂದು ಅವರಿಗೂ ಅನ್ನಿಸಿತು. ಅರ್ಧ ಗಂಟೆ ಬಿಟ್ಟು ಮತ್ತೆ ಮಾಡಿದರು: "ಯಜಮಾನ್ರಿಗೆ ಏನಾದ್ರೂ ಆಗುತ್ತೇನೋ? ನಿಮ್ಮ ಕೆಲಸಕ್ಕೆ ತೊಂದ್ರೆ ಬರುತ್ತೇನೋ? ಅರ್ಜಿ ಹಾಕ್ಲೇಬಾರ್ದಿತ್ತೇನೋ?" ಹಾಕದಿದ್ದರೆ ಊಟಕ್ಕೇನು ಮಾಡುತ್ತೀರಿ ಎಂದು ನಾನು ಕೇಳಿದೆ.

ಅಧಿಕಾರಿ ಒಬ್ಬ ಹೆಂಗಸು, ನನ್ನದೇ ವಯಸ್ಸು. ಮೆಟ್ಟಿಲು ಹತ್ತಿ ಬಂದವರು ಉಸಿರು ಸುಧಾರಿಸಿಕೊಳ್ಳುತ್ತಾ ನಿಂತರು. ಅಷ್ಟೇ ಸಾಕಾಯಿತು. ಮೂಲೆಯಲ್ಲಿ ಮುದುರಿ ಕೂತಿದ್ದ ಭಾವ ತಟ್ಟನೆ ಎದ್ದು, "ಬನ್ನಿ ಮೇಡಂ, ಬನ್ನಿ ಬನ್ನಿ" ಎನ್ನುತ್ತಾ ಎಡಗೈಯಲ್ಲೇ ಹಾಸಿನ ಸುಕ್ಕು ಸರಿಮಾಡಿದರು, ಫ್ಯಾನ್ ಅವರ ಕಡೆ ತಿರುಗಿಸಿದರು, ಕೆಳಗೆ ಕೂಗಿ ಕಾಫಿಗೆ ಹೇಳಿದರು. ಅವರ ದನಿ ಮೇಲೆದ್ದಿತ್ತು.

ಮೇಡಂ ಮೊದಲು ಯಜಮಾನರನ್ನು ಕೇಳಿದರು. ಆಷಾಢದಲ್ಲಿ ರಜ, ತಾವು ಯಾರನ್ನೂ ಕರೆದಿರಲಿಲ್ಲ ಎಂದು ಅವರು ಹೇಳಿದರು. ಮೇಡಂ ಭಾವನ ಕಡೆ ತಿರುಗಿದರು.

"ಹೌದಾ? ಆಷಾಢದಲ್ಲಿ ನಿಮಗೆ ರಜಾನಾ?"

"ರಜ ಅಂದ್ರೆ ಎಂಥ ರಜ ಮೇಡಂ! ಇಡೀ ಚಿಕ್ಕಪೇಟೇಲಿ ಕೆಲಸದವ್ರಿಗೆ ಒಂದು ತಿಂಗಳು ರಜ ಕೊಡೋ ಅಂಗಡಿ ಇನ್ನೊಂದು ತೋರಿಸಿ ನೋಡೋಣ. ಸ್ವೀಟ್ ಬಾಕ್ಸ್ ಕೊಟ್ಟು, ಹೋಗಿ ಹೆಂಡ್ತಿ ಮಕ್ಕಳ ಜೊತೆ ಆರಾಮಾಗಿರಿ ಅಂತ ಕಳಿಸ್ತಾರೆ. ಅಂಥ ಯಜಮಾನ್ರು ನಮ್ಮವ್ರು."

ಮೇಡಂ ಬರೆದುಕೊಂಡರು. ನನಗೆ ಭಾವನ ಬಾಯಿಗೆ ಕೈ ಅಡ್ಡ ಹಿಡಿಯಬೇಕು ಅನ್ನಿಸಿತು.

"ಮತ್ತೆ ಅವತ್ತು ಯಾಕೆ ಬಂದಿದ್ರಿ?"

"ನಾನಾಗೇ ಬಂದೆ ಮೇಡಂ. ಮನೇಲಿ ಕೂತು ಬೇಜಾರು, ಇಲ್ಲಿಗೆ ಬಂದ್ರೆ ಮನಸ್ಸಿಗೊಂದು ಖುಷಿ. ನಮ್ಮ ಅಂಗಡಿ ಅಂದ್ರೆ ಮನೆ ಇದ್ದಂಗೆ."

ಹೇಳಿ ಮುಗಿಸಿ ನಕ್ಕರು. ತಮ್ಮ ಜೀವನದ ಅನ್ನವನ್ನು ತಾವೇ ಆಚೆ ತಳ್ಳಿದ್ದು ಅವರಿಗೆ ಹೊಳೆದೇ ಇರಲಿಲ್ಲ. ಯಜಮಾನರು ಸುಲಭವಾಗಿ ಉಸಿರಾಡಿದ್ದು ನನಗೆ ಕಾಣಿಸಿತು. ಮೇಡಂ ಪೆನ್ನಿಗೆ ಕ್ಯಾಪ್ ಹಾಕಿ, "ಸರಿ ಹಾಗಾದ್ರೆ, ನಂದು ಮುಗೀತು" ಎಂದು ಕಾಫಿ ಲೋಟ ಕೆಳಗಿಟ್ಟರು.

ನಾನು ಧೈರ್ಯವಂತೆ ಅಲ್ಲ. ಆದರೂ ಬಾಯಿ ತೆರೆಯಿತು.

"ಮೇಡಂ, ಅವರನ್ನ ಕರೀಲಿಲ್ಲ ಅನ್ನೋದು ನಿಜ. ನಮ್ಮನ್ನೂ ಯಾರೂ ಕರೀಲಿಲ್ಲ. ಆದ್ರೂ ಅವತ್ತು ನಾವೆಲ್ಲ ಇಲ್ಲೇ ಇದ್ವಿ. ಪ್ರತಿ ಆಷಾಢ ಇರ್ತೀವಿ. ಸೀರೆ ಮಡಿಕೆ ಬದಲಾಯಿಸ್ತೀವಿ. ಬರ್ದೇ ಇದ್ರೆ ಶ್ರಾವಣಕ್ಕೆ ನಮ್ಮ ಜಾಗ ಇರಲ್ಲ."

ಯಜಮಾನರು ನನ್ನನ್ನೇ ನೋಡಿದರು. ಕೋಪವಿರಲಿಲ್ಲ ಆ ಮುಖದಲ್ಲಿ, ಭಯವಿತ್ತು. ಮೇಡಂ ಪೆನ್ನಿನ ಕ್ಯಾಪ್ ತೆಗೆದು ಭಾವನನ್ನು ಕೇಳಿದರು: "ನೀವು ಒಂದು ಹೇಳಿದ್ರಿ, ಇವರು ಇನ್ನೊಂದು ಹೇಳ್ತಿದಾರೆ. ಇಬ್ಬರಲ್ಲಿ ಯಾರು ಸುಳ್ಳು ಹೇಳ್ತಿರೋದು?"

ಭಾವ ಯಜಮಾನರನ್ನು ನೋಡಿದರು, ನನ್ನನ್ನು ನೋಡಿದರು. ಹಣೆಯ ಬೆವರನ್ನು ಎಡಗೈಯಲ್ಲಿ ಒರೆಸಿಕೊಂಡರು. ಎದ್ದಿದ್ದ ಎದೆ ನೋಡನೋಡುತ್ತಾ ಕುಗ್ಗಿತು, ಬೀಗ ಎಳೆದು ನೋಡಲು ವಾಪಸ್ ಬರುತ್ತಿದ್ದ ನಮ್ಮ ಎಂದಿನ ಭಾವ ಆದರು. ಅವರು ಇನ್ನೊಂದು ಸಲ ಅಂಗಡಿಯನ್ನು ಹೊಗಳಿದರೆ ನನ್ನ ಕೆಲಸ ಅಲ್ಲಿಗೆ ಮುಗಿಯುತ್ತಿತ್ತು. ಅದು ಅವರಿಗೂ ಗೊತ್ತಿತ್ತು.

"ಅವಳು ಸುಳ್ಳು ಹೇಳೋಳಲ್ಲ ಮೇಡಂ" ಎಂದರು. ದನಿ ಕೆಳಗಿಳಿದಿತ್ತು. "ನಾನು ಹೇಳಿದ್ದು ವ್ಯಾಪಾರದ ಮಾತು. ಒಳಗೆ ಬಂದವ್ರ ಹತ್ರ ನಾನು ಹಂಗೇ ಮಾತಾಡೋದು. ಅಂಗಡೀನ ಬಿಟ್ಟುಕೊಟ್ಟು ಮಾತಾಡಕ್ಕೆ ನನಗೆ ಬರಲ್ಲ."

"ವ್ಯಾಪಾರ ಬಿಟ್ಟು ಹೇಳಿ ಈಗ."

"ಬರ್ಲೇಬೇಕು ಮೇಡಂ. ಬರ್ದಿದ್ರೆ ಜಾಗ ಹೋಗುತ್ತೆ ಅಂತ ಪ್ರತಿ ವರ್ಷ ಭಯ. ಖುಷಿಗೆ ಯಾರು ಏಣಿ ಹತ್ತುತಾರೆ?"

ಆಮೇಲೆ ಉಳಿದವರೂ ಒಬ್ಬೊಬ್ಬರಾಗಿ ಹೌದು ಎಂದರು. ಯಜಮಾನರು ಕೊನೆಗೆ ತಲೆ ತಗ್ಗಿಸಿ, "ಅಪ್ಪನ ಕಾಲದಿಂದ ಹಿಂಗೇ ನಡ್ಕೊಂಡು ಬಂದಿತ್ತು ಮೇಡಂ" ಎಂದರು. ಅವರ ಬಗ್ಗೆಯೂ ನನಗೆ ಪಾಪ ಅನ್ನಿಸಿತು.

ಮೇಡಂ ಹೋದ ಮೇಲೆ ಮೆಟ್ಟಿಲ ಹತ್ತಿರ ಭಾವ ನನ್ನನ್ನು ಹಿಡಿದು ನಿಲ್ಲಿಸಿ ಚೆನ್ನಾಗಿ ಬೈದರು. "ನಿನಗ್ಯಾಕೆ ಬೇಕಿತ್ತು? ನನ್ನ ಕೈ ಹೋಗಿದ್ದು ಹೋಯ್ತು, ನಿನ್ನ ಕೆಲಸಾನೂ ಹೋದ್ರೆ? ನಿನ್ನ ಗಂಡನಿಗೆ ಏನು ಹೇಳ್ತೀಯ?" ಬೈಯುತ್ತಲೇ ಕಣ್ಣು ಒರೆಸಿಕೊಂಡರು. ನಾನೂ ಬಿಡಲಿಲ್ಲ, "ಅಂಥ ಯಜಮಾನ್ರು ಇಂಥ ಯಜಮಾನ್ರು ಅಂತ ಹೊಗಳ್ತಾ ನಿಂತಿದ್ರಲ್ಲ, ಇನ್ನೇನು ಮಾಡ್ಬೇಕಿತ್ತು?" ಎಂದು ತಿರುಗಿ ಬೈದೆ. ಜಗಳವಾಡಿಕೊಂಡೇ ಇಬ್ಬರೂ ಕೆಳಗಿಳಿದೆವು.

ಭತ್ಯೆ ಮಂಜೂರಾಗಲು ತಿಂಗಳುಗಳೇ ಹಿಡಿದವು. ಮಂಜೂರಾಯಿತು. ದೊಡ್ಡದಲ್ಲ, ಬಾಡಿಗೆ ಕೊಟ್ಟು ದಿನಸಿ ತರುವಷ್ಟು. ಅದು ಬಂದ ಮೇಲೂ ಭಾವನಿಗೆ ನೆಮ್ಮದಿ ಇರಲಿಲ್ಲ. ಯಾವಾಗ ನಿಲ್ಲಿಸಿಬಿಡುತ್ತಾರೋ ಎನ್ನುವುದು ಒಂದು ಚಿಂತೆ, ನನ್ನನ್ನು ಕೆಲಸದಿಂದ ತೆಗೆದುಬಿಡುತ್ತಾರೋ ಎನ್ನುವುದು ಇನ್ನೊಂದು. ಈ ಎರಡನೆಯದು ನನ್ನದೂ ಚಿಂತೆಯೇ. ಯಜಮಾನರು ಮಾತು ಕಡಿಮೆ ಮಾಡಿದ್ದರು. ಭಾವ ಬಿದ್ದ ಆ ಆಷಾಢದ ಕಂತನ್ನು ಅಂಗಡಿ ದಂಡ ಸಮೇತ ಕಟ್ಟಬೇಕಾಯಿತಂತೆ. ಜ್ಯೇಷ್ಠ ಮುಗಿಯುತ್ತಾ ಬಂತು.

ಆ ವರ್ಷ ಸ್ವೀಟ್ ಬಾಕ್ಸ್ ಬರಲಿಲ್ಲ. ರಜ ಎಂದೂ ಹೇಳಲಿಲ್ಲ, ಬನ್ನಿ ಎಂದೂ ಹೇಳಲಿಲ್ಲ. ಏನು ತಿಳಿಯಬೇಕೋ ಗೊತ್ತಾಗದೆ ನಾವೆಲ್ಲ ಎಂದಿನಂತೆ ಬಂದೆವು, ಅಟ್ಟದಿಂದ ಸೀರೆ ಇಳಿಸಿದೆವು. ಏಣಿಯ ಕಾಲಿಗೆ ರಬ್ಬರ್ ಹಾಕಿಸಿದ್ದರು. ಷಟರ್ ಪೂರ್ತಿ ತೆರೆದಿತ್ತು. ಆ ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಎಲ್ಲರ ಫೋನಿಗೂ ಒಟ್ಟಿಗೇ ಬ್ಯಾಂಕಿನ ಮೆಸೇಜು ಬಂತು. ನಾನು ಮೆಟ್ಟಿಲಿಗೆ ಹೋಗಿ ಭಾವನಿಗೆ ಫೋನ್ ಮಾಡಿದೆ.

"ಭಾವ, ಆಷಾಢದ ಸಂಬಳ ಬಂತು."

"ಯಾರಿಗೆ?"

"ಎಲ್ಲರಿಗೂ."

"ನಿನಗೂ?"

"ನನಗೂ."

"ಕೆಲಸದ ಸಂಬಳ ಅಂತಾನೇ ಕೊಟ್ರಾ, ಇಲ್ಲ ಖರ್ಚಿಗಿರ್ಲಿ ಅಂತ ಕೊಟ್ರಾ? ಸರಿಯಾಗಿ ನೋಡಿ ಹೇಳು."

"ಸಂಬಳ ಅಂತಾನೇ ಭಾವ. ವಿಮೆ ಕಂತೂ ಹಿಡ್ಕೊಂಡಿದಾರೆ."

ಸರ್ಕಾರ ಒಪ್ಪಿದ್ದು ಅವರು ಬಿದ್ದ ಆ ಒಂದು ದಿನವನ್ನು ಮಾತ್ರ. ಬೀಳದೆ ಅದೇ ಏಣಿ ಹತ್ತಿ ಇಳಿದ ಉಳಿದ ಆಷಾಢಗಳನ್ನು ಅವರ ಹೆಸರಿಗೆ ಯಾರೂ ಬರೆದುಕೊಟ್ಟಿರಲಿಲ್ಲ. ಅದನ್ನು ಹೇಗೆ ಹೇಳಲಿ ಎಂದು ನಾನು ಯೋಚಿಸುತ್ತಿದ್ದಾಗ ಅವರೇ ಕೇಳಿದರು.

"ಹಾಗಾದ್ರೆ ನಾನು ಅಷ್ಟು ವರ್ಷ ಬರ್ತಿದ್ದಿದ್ದೂ ಕೆಲಸಾನೇ ಆಯ್ತಲ್ಲ ಕಣಮ್ಮ?"

"ಹೌದು ಭಾವ. ಕೆಲಸಾನೇ."

ಅವರು ಫೋನ್ ಇಡಲಿಲ್ಲ. ಅದನ್ನು ಕೈಯಲ್ಲಿ ಹಿಡಿದುಕೊಂಡೇ ಒಳಮನೆಗೆ ಕೂಗಿ ಹೇಳಿದ್ದು ನನಗೆ ಕೇಳಿಸಿತು.

"ಕೇಳಿದ್ಯೇನೇ? ಆಷಾಢದಲ್ಲಿ ಹೋಗ್ತಿದ್ನಲ್ಲ, ಅದೂ ಕೆಲಸಾನೇ ಅಂತೆ!"